ಆರು ಗಂಟೆಯ ಬೀಗ

ಶಿವಯೋಗಿಯ ಶವವನ್ನು ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಲು ನಾಲ್ಕು ಜನ ಹೆಣಗುತ್ತಿದ್ದಾಗ, ಅವನ ಹೆಂಡತಿ ಸುಮನಾ ಒಳಗೆ ಟ್ರಂಕಿನಲ್ಲಿ ಹೊಸ ಪಂಚೆ ಹುಡುಕುತ್ತಿದ್ದಳು. ಬೆಳಗಿನ ಐದೂವರೆಗೆ, ಡ್ಯೂಟಿಗೆ ಹೊರಡಲು ಶೂ ಲೇಸು ಕಟ್ಟುತ್ತಲೇ ಅವನು ಕುಸಿದಿದ್ದ.

"ಬೇಗ ತಾರೇ, ಮೈ ಸೆಟೆದುಕೊಳ್ತಾ ಇದೆ," ಅತ್ತೆ ಸುಭದ್ರಮ್ಮ ಕೂಗಿದರು.

ಪಂಚೆಯ ಮಡಿಕೆಯಿಂದ ಕಂಪ್ಯೂಟರಿನ ಒಂದು ಫ್ಲಾಪಿ ಜಾರಿಬಿತ್ತು. ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಚೀಟಿಯಲ್ಲಿ ಗಂಡನದೇ ಗುಂಡು ಅಕ್ಷರ: "ಬೀಗ ಸರಿಹೋಯಿತು. ಎರಡೂ ಮೆಷಿನ್ ಮೇಲೆ ಪರೀಕ್ಷಿಸಿದ್ದೇನೆ. ೧೨-೮-೧೯೯೫. ಯಾರಿಗೂ ಹೇಳುವುದಿಲ್ಲ."

ಸುಮನಾ ಮೂರು ಸಲ ಓದಿದಳು. ಎಂಟು ವರ್ಷದ ಹಿಂದಿನ ಚೀಟಿ.

"ಸಿಕ್ತೇನೆ?"

"ಸಿಕ್ತು," ಎಂದು ಫ್ಲಾಪಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

*

ನ್ಯೂ ಟೌನಿನ ಆ ಕ್ವಾರ್ಟರ್ಸಿನಲ್ಲಿ ಬೀಗವೂ ಮನೆಯವರಲ್ಲೊಬ್ಬನ ಹಾಗಿತ್ತು. ಉಕ್ಕಿನ ಕಾರ್ಖಾನೆಯ ಸ್ಟೋರ್ಸಿನ ದಾಖಲೆಗಳಿದ್ದ ಡಿಸ್ಕು ಒಂದೇ, ಅದನ್ನು ಬಳಸುವ ಕಂಪ್ಯೂಟರು ಎರಡು. ಒಂದು ಕೆಲಸ ಮಾಡುವಾಗ ಇನ್ನೊಂದು ಕೈ ಹಾಕದಂತೆ ತನ್ನ ನಂಬರು ಬರೆದು ಬೀಗ ಹಾಕುತ್ತಿತ್ತು.

"ಒಂದು ಹನ್ನೆರಡು ಅಂತ ಬರೆದ್ರೆ ಇನ್ನೊಂದು ತಿರುಗುಮುರುಗಾಗಿ ಇಪ್ಪತ್ತೊಂದು ಅಂತ ಓದುತ್ತೆ," ಎಂದು ಶಿವಯೋಗಿ ಊಟದ ತಟ್ಟೆಯ ಮುಂದೆ ವಿವರಿಸಿದ್ದ. "ಬೀಗ ಹಾಕಿದ ಹನ್ನೆರಡನೆಯವನು ಕೆಲಸದ ಮಧ್ಯೆ ಸತ್ತೇಹೋಗಿರ್ತಾನೆ. ಇದು ಇಪ್ಪತ್ತೊಂದನೆಯವನು ಬಂದು ತೆಗೀತಾನೆ ಅಂತ ಕಾಯ್ತಾನೇ ಇರುತ್ತೆ. ದಿನಾ ಬೆಳಗ್ಗೆ ನಾನೇ ಹೋಗಿ ಬಿಡಿಸ್ಬೇಕು."

ತೊಂಬತ್ತಾರರ ಜೂನಿನಲ್ಲಿ ಸುಮನಾಳಿಗೆ ಸಾಗರದ ಹೈಸ್ಕೂಲಿನಿಂದ ಟೀಚರ್ ಕೆಲಸದ ಆರ್ಡರು ಬಂತು.

"ಆರು ಗಂಟೆಗೆ ಬೀಗ ಯಾರು ತೆಗೀತಾರೆ, ಮಾರಾಯ್ತಿ? ಇದೊಂದು ಸರಿಯಾಗ್ಲಿ, ಕೆಲಸ ಬಿಟ್ಟು ನಿನ್ ಜೊತೆ ಬರ್ತೀನಿ," ಅಂದ.

ಅವಳು ನಂಬಿ ಆ ಕೆಲಸ ಬಿಟ್ಟುಕೊಟ್ಟಳು. ಆ ವರ್ಷ ಅವನ ವಿಭಾಗದ ಒಂಬತ್ತು ಜನರನ್ನು ಮನೆಗೆ ಕಳಿಸಿ ಅವನೊಬ್ಬನನ್ನು ಉಳಿಸಿಕೊಂಡರು. ಬೀಗ ಮಾತ್ರ ಸರಿಯಾಗಲೇ ಇಲ್ಲ. ಒಂದು ಮದುವೆಗೆ ಹೋದದ್ದಿಲ್ಲ, ತೌರಿಗೆ ಹೋದದ್ದಿಲ್ಲ. ಅವನು ಟೈಫಾಯ್ಡಿನಲ್ಲಿ ಮಲಗಿದ ವಾರ ಕಾರ್ಖಾನೆಯ ಜೀಪು ಬಂದು ಅವಳನ್ನೇ ಕರೆದೊಯ್ದಿತ್ತು. ಅವನು ಬರೆದುಕೊಟ್ಟ ಏಳು ಅಕ್ಷರಗಳನ್ನು ಅವಳು ದಿನಾ ಟೈಪ್ ಮಾಡಿ ಬೀಗ ಬಿಡಿಸಿದ್ದಳು.

*

ಆಫೀಸರ್ ಕೃಷ್ಣಪ್ಪ ಹಾರ ಹಿಡಿದು ಬಂದರು. ಹಾರ ಹಾಕಿ ಪಕ್ಕಕ್ಕೆ ನಿಂತು ದನಿ ತಗ್ಗಿಸಿದರು.

"ಹೊತ್ತಲ್ಲದ ಹೊತ್ತಲ್ಲಿ ಕೇಳ್ತಿದೀನಿ ಅಮ್ಮ. ಸ್ಟೋರ್ಸ್ ಬೀಗ ಬಿದ್ದುಬಿಟ್ಟಿದೆ, ಸಾಮಾನು ಸಿಗದೆ ಕುಲುಮೆ ನಿಂತಿದೆ. ಅವ್ರು ಏನಾದ್ರೂ ಬರೆದಿಟ್ಟಿದ್ರಾ?"

"ಈ ಮನೆ ಯಾವಾಗ ಬಿಡ್ಬೇಕು, ಸ್ವಾಮಿ?" ಸುಭದ್ರಮ್ಮ ನಡುವೆ ಬಾಯಿ ಹಾಕಿದರು.

"ಮೂರು ತಿಂಗಳು ಟೈಮ್ ಇದೆ. ಸತ್ತವರ ಮನೆಯವರಿಗೆ ಅನುಕಂಪದ ಕೆಲಸ ಕೊಡೋದು ಈಗ ನಿಲ್ಲಿಸಿದಾರೆ."

ಸುಮನಾಳಿಗೆ ನಲವತ್ತೊಂದು. ಈಗ ಯಾವ ಹೈಸ್ಕೂಲೂ ಅವಳನ್ನು ಕರೆಯುವುದಿಲ್ಲ. ಫ್ಲಾಪಿಯನ್ನು ಕೃಷ್ಣಪ್ಪನ ಕೈಗೆ ತುರುಕಿ, 'ನೋಡಿ, ಇವನ ಮೋಸ' ಎಂದು ಕಿರುಚಬೇಕೆನ್ನಿಸಿತು. ಅಳುವಿಗಿಂತ ಮೊದಲು ಸಿಟ್ಟೇ ಬಂದಿತ್ತು.

"ಮಣ್ಣಾಗ್ಲಿ ಸಾರ್, ಆಮೇಲೆ ಹೇಳ್ತೀನಿ," ಎಂದಳು.

ಮಲವಗೊಪ್ಪದ ರುದ್ರಭೂಮಿಯ ಗುಂಡಿಯಲ್ಲಿ ಶಿವಯೋಗಿ ಅಂಗೈಯಲ್ಲಿ ಲಿಂಗ ಹಿಡಿದು, ಕಂಪ್ಯೂಟರ್ ಮುಂದೆ ಕೂತಂತೆಯೇ ತುಸು ಬಗ್ಗಿ ಕೂತಿದ್ದ. ಕೆಲಸ ಹೋದೀತೆಂದು ಎಂಟು ವರ್ಷ ಇವನಿಗೆಷ್ಟು ಹೆದರಿಕೆಯಿತ್ತೆಂದು ಸುಮನಾಳಿಗೆ ಆಗ ಹೊಳೆಯಿತು. ಈಗ ತನಗೂ ಅದೇ ಹೆದರಿಕೆ. ವಿಭೂತಿ, ಬಿಲ್ವಪತ್ರೆಯ ಜೊತೆಗೆ ಫ್ಲಾಪಿಯನ್ನೂ ಅವನ ಮಡಿಲಿಗೆ ಹಾಕಿದಳು. ಯಾರೂ ಕೇಳಲಿಲ್ಲ. ಮೇಲೆ ಮಣ್ಣು ಬಿತ್ತು.

"ಏನೂ ಬರೆದಿಟ್ಟಿಲ್ಲ ಸಾರ್," ಜೀಪಿನ ಬಳಿ ಬಂದು ಹೇಳಿದಳು. "ದಿನಾ ಆರಕ್ಕೆ ಒಬ್ರು ಬಂದು ತೆಗೀಲೇಬೇಕು. ನನಗೆ ಬರುತ್ತೆ. ಕೆಲಸದ ಆರ್ಡರ್ ಕೊಟ್ರೆ ಬರ್ತೀನಿ."

ಕೃಷ್ಣಪ್ಪ ಗಡಿಯಾರ ನೋಡಿಕೊಂಡರು. "ಕೊಡಿಸ್ತೀನಿ. ಹತ್ತಿ."

"ಮಣ್ಣು ಮಾಡಿದ ದಿನವೇ?" ಹಿಂದಿನಿಂದ ಯಾರೋ ಅಂದರು.

"ಲಿಂಗವಂತರಿಗೆ ಸೂತಕ ಎಲ್ಲೀದು? ಹೋಗು ಮಗಳೇ," ಸುಭದ್ರಮ್ಮ ಸೊಸೆಯ ಬೆನ್ನು ತಟ್ಟಿದರು.

ಸ್ಟೋರ್ಸಿನಲ್ಲಿ ಅವನ ಕುರ್ಚಿಯ ಮೆತ್ತೆ ನಡುವೆ ಹಳ್ಳ ಬಿದ್ದಿತ್ತು. ಸುಮನಾ ಅದರಲ್ಲೇ ಕೂತು ಆ ಏಳು ಅಕ್ಷರ ಟೈಪ್ ಮಾಡಿದಳು. ಪರದೆ ತೆರೆದುಕೊಂಡಿತು.

"ನಾಳೆ ಆರಕ್ಕೆ ಜೀಪ್ ಕಳಿಸ್ಲಾ?" ಕೃಷ್ಣಪ್ಪ ಕೇಳಿದರು.

"ಕಳಿಸಿ."

ಅವಳು ಕೈ ತೆಗೆದಾಗ ಕೀಬೋರ್ಡಿನ ಏಳು ಅಕ್ಷರಗಳ ಮೇಲೆ ವಿಭೂತಿ ಮೆತ್ತಿತ್ತು.