ಖಾಲಿ ವೇಬ್ರಿಡ್ಜಿನ ಸೊನ್ನೆ

ಲಾರಿ ತೂಗುವ ವೇಬ್ರಿಡ್ಜ್ ಹೇಳಿದ ತೂಕವನ್ನು ಅಕ್ಕಿ ಗಿರಣಿಯ ಬಿಲ್ಲಿಗೆ ದಾಟಿಸುವುದು, ಅಷ್ಟೇ ಶೈಲಜಾ ಬರೆದ ಪುಟ್ಟ ಸಾಫ್ಟ್‌ವೇರ್ ಲೈಬ್ರರಿಯ ಕೆಲಸ. ಅದು ಬೇರೆ ಯಾರೋ ಬರೆದ ಇನ್ನೊಂದು ಲೈಬ್ರರಿಯನ್ನು ನೆಚ್ಚಿಕೊಂಡಿತ್ತು. ಆ ಇನ್ನೊಂದರ ಎರಡನೇ ವರ್ಷನ್ ತೂಕವನ್ನು ಕಿಲೋದಲ್ಲಿ ಕೊಡುತ್ತಿತ್ತು, ಮೂರನೆಯದು ಗ್ರಾಮಿನಲ್ಲಿ. ಅವಳ ಕೋಡು ಬಂದ ಅಂಕಿಯನ್ನು ಕಿಲೋ ಎಂದೇ ಓದುತ್ತಿತ್ತು. ಅದಕ್ಕೇ ಅವಳು 'ಮೂರಕ್ಕಿಂತ ಕೆಳಗಿನದು ಮಾತ್ರ' ಎಂದು ಷರತ್ತು ಹಾಕಿದ್ದಳು.

ಅವಳು ಕೆಲಸ ಮಾಡುವ ಗಾಂಧಿನಗರದ ಆಫೀಸಿನ ಮಾಲೀಕ ಚನ್ನಬಸವರಾಜನಿಗೆ ಅದು ಹಿಡಿಸಲಿಲ್ಲ. ಕುರುಗೋಡಿನ ಹೊಸ ಗಿರಣಿಯವರ ಕಂಪ್ಯೂಟರಿನಲ್ಲಿ ಮೂರನೆಯದೇ ಇತ್ತು; ಷರತ್ತಿದ್ದರೆ ಶೈಲಜಾಳದು ಅಲ್ಲಿ ಓಡುತ್ತಿರಲಿಲ್ಲ.

"ಷರತ್ತು ತೆಗೀರಿ ಮೇಡಂ. ಒಂದು ಸಾಲಿನ ಕೆಲಸ."

"ಕೋಡೂ ಬದಲಿಸಬೇಕು ಸರ್. ಲೋಡ್ ಲಾರಿ ಹತ್ತಿಸಿ ನೋಡಬೇಕು."

"ಹೆಣ್ಮಕ್ಕಳು ಅನ್ನಕ್ಕಿಟ್ಟು ಹತ್ತು ಸಲ ಮುಚ್ಚಳ ತೆಗೀತಾರ ನೋಡ್ರಿ, ಹಂಗಾತು!"

ಮುಚ್ಚಳ ತೆಗೆಯದವರ ಮನೆಯಲ್ಲಿ ಎಂಥ ಅನ್ನ ಉಣ್ಣುತ್ತಾರೆಂದು ಶೈಲಜಾ ಕೇಳಲಿಲ್ಲ. ಮಾಡಿ ಹಾಕುವವಳು ಅವನ ಹೆಂಡತಿ. ಅವಳು ತೆಗೆದು ನೋಡಿಯೇ ನೋಡುತ್ತಾಳೆ.

ಮಹಾಶಯ ತಾನೇ ಷರತ್ತು ಅಳಿಸಿ, ಪರೀಕ್ಷೆಗೆಂದು ಸಿರುಗುಪ್ಪದ ಹಳೆಯ ಗಿರಾಕಿಯೊಬ್ಬರ ಗಿರಣಿಗೆ ಹೋದ. ಹೋದದ್ದು ಅಮಾವಾಸ್ಯೆಯ ದಿನ! ಗಿರಣಿ ಬಂದ್, ಯಂತ್ರಗಳಿಗೆಲ್ಲ ಪೂಜೆ, ವೇಬ್ರಿಡ್ಜಿನ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣು. ಪರದೆ ಸೊನ್ನೆ ತೋರಿಸಿತು. ಕಿಲೋದಲ್ಲೂ ಸೊನ್ನೆ ಸೊನ್ನೆಯೇ, ಗ್ರಾಮಿನಲ್ಲೂ ಸೊನ್ನೆಯೇ. 'ಎಲ್ಲಾ ಸರಿ ಐತಿ' ಎಂದು ಹೊಸ ವರ್ಷನ್ನನ್ನು ಶೈಲಜಾಳ ಹೆಸರಿನಲ್ಲಿ ಬಿಡುಗಡೆ ಮಾಡಿ, ಪ್ರಸಾದದ ತೆಂಗಿನ ಹೋಳು ಹಿಡಿದು ಗೆದ್ದವನಂತೆ ಬಂದ.

ಮರುದಿನ ಆ ಗಿರಣಿ ನಡೆಸುವ ಕೊಟ್ರಮ್ಮನ ಫೋನು. "ಶೈಲಕ್ಕಾ, ಬಾದನಹಟ್ಟಿ ಲಾರಿ ಒಂದರಾಗ ಹದಿನೆಂಟು ಸಾವಿರ ಟನ್ ನೆಲ್ಲು ಐತಂತ! ಗೋದಾಮು ಸಾಲದವ್ವಾ, ಹಡಗು ತರಸ್ಲೇನು? ನಿನ್ನ ಹೆಸರು ನೋಡಿ ಹಾಕ್ಕೊಂಡ್ವಿ. ಇನ್ನ ಯಾರನ್ನ ನಂಬೋದು?"

ಮೊದಲಿನದೆಲ್ಲ ನಗು. ಕೊನೆಯ ಮಾತು ಎದೆಗೆ ನಾಟಿತು. ಇಷ್ಟು ವರ್ಷ ಅವಳು ಗಳಿಸಿದ್ದು ಆ ನಂಬಿಕೆಯೊಂದನ್ನೇ.

ಚನ್ನಬಸವರಾಜ ಮೆತ್ತಗಾದ. "ನಿಮ್ಮ ಹೆಸರು ಗಟ್ಟಿ ಐತಿ ಮೇಡಂ, ತಡಕೋತೈತಿ. ಸರಿ ಮಾಡಿ, 'ಸಣ್ಣ ಸುಧಾರಣೆ' ಅಂತ ಬರದು ಬಿಡ್ರಿ."

ಗಟ್ಟಿಯಾದದ್ದನ್ನೇ ಹುಡುಕಿ ಹೊರೆ ಹೇರುವುದು ಇವರ ಗೌರವದ ರೀತಿ!

ಅವಳು ಷರತ್ತನ್ನು ಮರಳಿ ಹಾಕಿದಳು. ಗಿರಣಿಯವರೆಲ್ಲ ಓದುವ ಸೂಚನೆಯಲ್ಲಿ ಬರೆದಳು: "ಅಮಾವಾಸ್ಯೆಯಂದು ಬಿಡುಗಡೆಯಾದ ವರ್ಷನ್ ಬಳಸಬೇಡಿ. ಬದಲಾವಣೆ ಮಾಡಿದವರು: ಚನ್ನಬಸವರಾಜ. ಪರೀಕ್ಷೆ ನಡೆದದ್ದು: ಖಾಲಿ ವೇಬ್ರಿಡ್ಜಿನ ಮೇಲೆ."

"ಇದನ್ನ ಎಲ್ಲಾರೂ ಓದ್ತಾರಲ್ರೀ!"

"ಓದ್ಲಿ. ಸುಳ್ಳಿದ್ರ ತಿದ್ರಿ ಸರ್."

ಅವನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿದ. ಬೆರಳು ಕೀಲಿಮಣೆಯ ಮೇಲೆ ಸುಮ್ಮನೆ ಆಡಿತು, ಏನನ್ನೂ ಒತ್ತಲಿಲ್ಲ.

ಶೈಲಜಾ ಅವನ ಕೈ ಪಕ್ಕಕ್ಕೆ ಸರಿಸಿ, ಕಳಿಸಿದಳು.