ತೊಂಬತ್ತಾರರಲ್ಲಿ ನಿಂತದ್ದು

ಅಣ್ಣನ ಬೆರಳಿಗೆ ಕಚ್ಚಿಕೊಂಡಿದ್ದ ಕ್ಲಿಪ್ಪನ್ನು ತೆಗೆಯಲು ತಮ್ಮ ಕೈ ಚಾಚಿದಾಗ ಅತ್ತಿಗೆ ಅವನ ಮಣಿಕಟ್ಟು ಹಿಡಿದಳು.

"ಅದು ಅಲ್ಲೇ ಇರ್ಲಿ. ಇನ್ನೂ ತೊಂಬತ್ತಾರು ತೋರಿಸ್ತಿದೆ ನೋಡು."

ಹಜಾರದಲ್ಲಿದ್ದವರು ಮುಖ ಮುಖ ನೋಡಿಕೊಂಡರು. ನಿನ್ನೆ ಮಧ್ಯಾಹ್ನವೇ ಡಾಕ್ಟರು ಬಂದು ಕಣ್ಣಿಗೆ ಟಾರ್ಚು ಬಿಟ್ಟು, ನಾಡಿ ಹಿಡಿದು, ತಲೆಯಾಡಿಸಿ ಹೋಗಿದ್ದರು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಹೇಳುವ ಈ ಹೆಬ್ಬೆರಳ ಗಾತ್ರದ ಯಂತ್ರಕ್ಕೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ.

ಪಾಪ, ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು. ತಲೆಯೇನೂ ಕೆಟ್ಟಿರಲಿಲ್ಲ. ಗಂಡ ಸತ್ತದ್ದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಬಂದವರೆಲ್ಲ ಸುತ್ತಿಬಳಸಿ ಒಂದೇ ಪ್ರಶ್ನೆ ಕೇಳಿದ್ದರು: ಪಕ್ಕದಲ್ಲೇ ಕೂತಿದ್ದೆಯಂತೆ, ಗೊತ್ತಾಗಲಿಲ್ಲವೆ? ಮೈದುನನಂತೂ ಸುತ್ತುಬಳಸಿಗೂ ಹೋಗದೆ ನೇರವಾಗಿಯೇ ಕೇಳಿದ್ದ. ಶ್ವಾಸಕೋಶ ಕೆಟ್ಟು ಮಲಗಿದ್ದ ಗಂಡನ ತುಟಿ ಕಪ್ಪಿಟ್ಟಂತೆ ಕಂಡಾಗ ಅವಳು ಗಾಬರಿಯಿಂದ ಅಂಕಿ ನೋಡಿದ್ದಳು. ತೊಂಬತ್ತಾರು. ಸದ್ಯ, ಗಾಢ ನಿದ್ದೆ ಎಂದುಕೊಂಡು ಹೊದಿಕೆ ಸರಿಮಾಡಿದ್ದಳು. ಈಗ ಅವಳ ಪರವಾಗಿ ಸಾಕ್ಷಿ ಹೇಳಲು ಉಳಿದಿದ್ದದ್ದು ಆ ಅಂಕಿಯೊಂದೇ. ಅದನ್ನೂ ಕಿತ್ತುಕೊಳ್ಳಲು ಬಂದಿದ್ದಾರಲ್ಲ ಎಂದು ಅವಳು ಹಿಡಿತ ಬಿಗಿ ಮಾಡಿದಳು.

ಮೈದುನ ಕೈ ಹಿಂದೆಗೆದುಕೊಂಡ. ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವ ಹೊತ್ತಾಯಿತು, ಅಮ್ಮನನ್ನು ಎಬ್ಬಿಸಬೇಕೇ ಎಂದು ಕೇಳಿದ. ಮಗ ಹೋದ ಸುದ್ದಿಗೆ ಕುಸಿದಿದ್ದ ಮುದುಕಿ ಒಳಕೋಣೆಯಲ್ಲಿ ಬೆಳಿಗ್ಗೆಯಿಂದ ಮಲಗಿದ್ದಳು. ಈಗಷ್ಟೇ ನೋಡಿ ಬಂದೆವು, ಪರವಾಗಿಲ್ಲ, ಮಲಗಲಿ ಎಂದರು ನೆರೆಮನೆಯವರು.

ಅಷ್ಟರಲ್ಲಿ ಆಫೀಸಿನ ಶಿಷ್ಯೆ ಬಂದಳು. ಓದು ಮುಗಿಸಿದ ಲಾಗಾಯ್ತು ಸತ್ತವರ ಪಕ್ಕದ ಮೇಜಿನಲ್ಲೇ ಕೆಲಸ ಕಲಿತವಳು. ಅತ್ತೂ ಅತ್ತೂ ಕೆಂಪಾಗಿದ್ದ ಅವಳ ಕಣ್ಣು ಸತ್ತವರ ಮುಖದಿಂದ ಕೈಗಿಳಿದು ಬೆರಳ ಮೇಲೆ ನಿಂತಿತು.

*

ಆಫೀಸಿನಲ್ಲಿ ಅವರಿಗೆ ಸೋರಿಕೆ ಸಾರ್ ಎಂದೇ ಹೆಸರು. ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕುವುದೇ ಉದ್ಯೋಗ. ಮನೆಗೆ ಹೋದರೂ ಅದೇ ಜಾಯಮಾನ. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಊಟದ ಮಧ್ಯೆ ಎದ್ದು ಹೋಗುತ್ತಿದ್ದರು. ಮದುವೆಯ ಫೋಟೋದಲ್ಲೂ ಅವರು ನೋಡುತ್ತಿದ್ದದ್ದು ಕ್ಯಾಮೆರಾವನ್ನಲ್ಲ, ಮೂಲೆಯಲ್ಲಿ ಸುಮ್ಮನೆ ಉರಿಯುತ್ತಿದ್ದ ಬಲ್ಬನ್ನು.

ಬೆರಳಿಗೆ ಹಾಕುವ ಆ ಕ್ಲಿಪ್ಪಿನ ಸರ್ಕ್ಯೂಟು ಅವರು ಮಾಡಿದ್ದೇ. ಅದರ ಪರದೆಯ ಮೇಲಿನ ಅಂಕಿ ಬದಲಾಯಿಸಲು ಚಿಪ್ಪಿನ ಪುಟ್ಟ ವೋಲ್ಟೇಜು ಸಾಲದು, ಅದನ್ನು ಮೇಲಕ್ಕೇರಿಸಿ ಕೊಡಬೇಕು. ಏರಿಸುವ ಸರ್ಕ್ಯೂಟಿನಲ್ಲಿ ಎರಡು ಸ್ವಿಚ್ಚು. ಒಂದು ಆಫ್ ಆಗುವ ಮೊದಲೇ ಇನ್ನೊಂದು ಆನ್ ಆದರೆ ಆ ಗಳಿಗೆಯಲ್ಲಿ ಕರೆಂಟು ನೇರ ಹರಿದು ಬಿಸಿಯಾಗಿ ಹೋಗುತ್ತದೆ. ಚಳಿಯಲ್ಲಿ ಮುಂಬಾಗಿಲು ಹಿಂಬಾಗಿಲು ಒಟ್ಟಿಗೆ ತೆಗೆದಿಟ್ಟರೆ ಮನೆ ಬೆಚ್ಚಗಿರುತ್ತದೆಯೇ ಎಂದು ಸಾರ್ ಕೇಳುತ್ತಿದ್ದರು. ಒಂದು ಬಾಗಿಲು ಪೂರ್ತಿ ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವಂತೆ ಅವರು ಮಾಡಿದರು. ಪರದೆಯೂ ಅವರ ಸ್ವಭಾವಕ್ಕೆ ತಕ್ಕದ್ದೇ: ಒಮ್ಮೆ ಬರೆದ ಅಂಕಿಯನ್ನು ಕರೆಂಟಿಲ್ಲದೆಯೂ ಹಿಡಿದುಕೊಂಡಿರುತ್ತದೆ, ಬದಲಾಗುವಾಗ ಮಾತ್ರ ಖರ್ಚು. ಬಟನ್ನಿನಷ್ಟಿರುವ ಬ್ಯಾಟರಿ ವರ್ಷಗಟ್ಟಲೆ ಬಂತು. ಯಂತ್ರ ಮನೆಮನೆ ಸೇರಿತು.

ಒಂದು ಸಂಜೆ ಶಿಷ್ಯೆ ಪರೀಕ್ಷೆಗೆಂದು ಬ್ಯಾಟರಿಯ ಬಲ ಇಳಿಸುತ್ತಾ ಹೋದಳು. ಒಂದು ಮಟ್ಟದಲ್ಲಿ ಮೊದಲ ಬಾಗಿಲು ಮುಚ್ಚಿತು, ಎರಡನೆಯದು ತೆರೆಯಲೇ ಇಲ್ಲ. ಹಳೆಯ ಅಂಕಿ ಹಾಗೆಯೇ ನಿಂತುಬಿಟ್ಟಿತು. ಬ್ಯಾಟರಿ ಬಡವಾದಾಗ ಪರದೆ ಅಳಿಸಿಹಾಕಲು ಒಂದು ಕಾವಲು ಬೇಕು ಸಾರ್ ಎಂದಳು. ಕಾವಲೆಂದ ಮೇಲೆ ಸದಾ ಎಚ್ಚರವಿರಬೇಕು, ಎಚ್ಚರವಿರಲು ಹನಿ ಕರೆಂಟು ಬೇಕು. ಸಾರ್ ಮುಖ ಸಿಂಡರಿಸಿದರು.

"ಆ ಹನಿ ಉಳಿಸೋಕೆ ನನ್ನ ಅರ್ಧ ಆಯಸ್ಸು ಹೋಗಿದೆ. ಅಷ್ಟು ಇಳಿಯೋ ಮೊದ್ಲೇ ಜನ ಬ್ಯಾಟರಿ ಬದಲಾಯಿಸ್ತಾರೆ ಬಿಡಮ್ಮ."

ಮಾತು ಅಲ್ಲಿಗೆ ಮುಗಿಯಿತು.

*

"ಆಂಟಿ, ಇದರ ಬ್ಯಾಟರಿ ಯಾವಾಗ ಬದಲಾಯಿಸಿದ್ರಿ?"

ಬದಲಾಯಿಸಿರಲಿಲ್ಲ. ಹೋದ ತಿಂಗಳು ಹೊಸದು ತಂದಾಗ ಗಂಡ ಏದುಸಿರು ಬಿಡುತ್ತಲೇ ಎದ್ದು ಕೂತು ರೇಗಿದ್ದರು. ಅದನ್ನು ಕೈಗಡಿಯಾರಕ್ಕೆ ಹಾಕು, ನನ್ನ ಸರ್ಕ್ಯೂಟಿಗೆ ಅವಮಾನ ಮಾಡಬೇಡ ಎಂದಿದ್ದರು. ಕಾಯಿಲೆಯವರ ಹಟ, ಯಾಕೆ ಎದುರಾಡುವುದು ಎಂದು ಅವಳು ಸುಮ್ಮನಾಗಿದ್ದಳು.

ಶಿಷ್ಯೆ ಮುಚ್ಚಳ ತೆಗೆದಿದ್ದ ಶವದ ಪೆಟ್ಟಿಗೆಯಲ್ಲಿ ಮಲಗಿದ್ದ ಗುರುವನ್ನೊಮ್ಮೆ ನೋಡಿದಳು. ಅವರ ಎದುರಲ್ಲೇ ಅವರ ತಪ್ಪು ಎತ್ತಿ ಆಡಬೇಕಲ್ಲ ಎಂದು ಹಿಂಜರಿದಳು. ಆದರೂ ಮೈದುನನಿಗೂ ಕೇಳಿಸುವಂತೆ, ಏನನ್ನೂ ಮುಚ್ಚಿಡದೆ ಹೇಳಿದಳು. ಈ ಅಂಕಿ ನಿನ್ನೆಯದಲ್ಲ. ಬ್ಯಾಟರಿ ಸೋತ ದಿನದ್ದು, ಅದು ಯಾವತ್ತೋ ಯಾರಿಗೂ ಗೊತ್ತಿಲ್ಲ.

"ನೀವು ನೋಡಿದ್ದು ಸರಿಯಾಗೇ ನೋಡಿದ್ರಿ ಆಂಟಿ. ಅದೇ ಸುಳ್ಳು ಹೇಳ್ತು."

ಮೈದುನ ತಲೆ ತಗ್ಗಿಸಿದ. ಅತ್ತಿಗೆ ಈಗಲಾದರೂ ಅತ್ತು ಹಗುರಾಗುತ್ತಾಳೆ ಎಂದು ಎಲ್ಲರೂ ಕಾದರು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅತ್ತೆಗೂ ಇಂಥದ್ದೇ ಹಾಕಿ ಮಲಗಿಸಿದೀನಿ," ಎಂದಳು. "ಎರಡನ್ನೂ ಒಂದೇ ದಿನ ತಂದಿದ್ರು."

ನೆರೆಮನೆಯಾಕೆ ತೊದಲಿದಳು. ಪ್ರತಿಸಲ ಇಣುಕಿದಾಗಲೂ ತೊಂಬತ್ತನಾಲ್ಕೇ ಇತ್ತು, ಅದಕ್ಕೇ ಎಬ್ಬಿಸಲಿಲ್ಲ ಎಂದಳು.

ಒಳಕೋಣೆಯ ದೀಪ ಆರಿತ್ತು. ಅದು ಆ ಮನೆಯ ರೂಢಿ. ಶಿಷ್ಯೆ ಸ್ವಿಚ್ಚು ಹಾಕಿ, ಮುದುಕಿಯ ಬೆರಳಿನಿಂದ ಕ್ಲಿಪ್ಪು ಬಿಡಿಸಿ ಮೇಜಿನ ಮೇಲಿಟ್ಟಳು. ಸೊಸೆ ಅತ್ತೆಯ ಬಾಯಿಯ ಹತ್ತಿರ ಕಿವಿ ತಂದು, ಸದ್ದು ಮಾಡಬೇಡಿ ಎಂದು ಕೈಯೆತ್ತಿದಳು. ಬಾಗಿಲಲ್ಲಿ ಗುಂಪುಗೂಡಿದವರು ಉಸಿರು ಬಿಗಿಹಿಡಿದರು. ಹೊರಗೆ ಗಾಡಿ ಬಂದು ನಿಂತು ಎಂಜಿನ್ ಆರಿಸಿತು. ಎತ್ತಿದ ಕೈ ಕೆಳಗಿಳಿಯಲಿಲ್ಲ. ಮೇಜಿನ ಮೇಲೆ, ಯಾರ ಬೆರಳೂ ಇಲ್ಲದ ಕ್ಲಿಪ್ಪು ತೊಂಬತ್ತನಾಲ್ಕು ತೋರಿಸುತ್ತಲೇ ಇತ್ತು.