ಹತ್ತು ದಿನ ಬದುಕಬೇಕಾದ ಮರಿ

ನಾಯಿಮರಿಯ ಮುಂದೆ ಹಿತ್ತಾಳೆ ತಾಟಿನಲ್ಲಿ ನೀರಿಟ್ಟವನು ಪಕ್ಕದ ಮನೆಯ ದತ್ತಪ್ಪ. ಶಹಾಬಜಾರದ ಆ ಓಣಿಯಲ್ಲಿ ಹುಚ್ಚುನಾಯಿಯನ್ನು ಗುರುತಿಸುವ ರೀತಿಯೇ ಅದು. ನೀರು ಕುಡಿದರೆ ನಾಯಿ ನೆಟ್ಟಗಿದೆ, ನೀರಿಗೆ ಹೆದರಿದರೆ ಹುಚ್ಚು ಹತ್ತಿದೆ. ಓಣಿಯ ಹತ್ತು ಹನ್ನೆರಡು ಜನ ಅಂಬಮ್ಮನ ಮನೆಯ ಅಂಗಳಕ್ಕೆ ಬಂದು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ದತ್ತಪ್ಪನ ಕೈಯಲ್ಲಿ ಬಡಿಗೆ ಇತ್ತು.

ಮರಿ ಅಂದರೆ ಒಂದು ಬೊಗಸೆಯಷ್ಟು. ಎದೆಯ ಎಲುಬು ಎಣಿಸಬಹುದಿತ್ತು. ತೆವಳುತ್ತ ತಾಟಿನ ಹತ್ತಿರ ಬಂತು, ಮೂತಿ ಅದ್ದಿತು, ಒಂದು ಗುಟುಕು ಎಳೆಯಿತು. ಎಳೆದದ್ದೇ ತಡ, ಕೆಮ್ಮು ಉಕ್ಕಿತು. ಮೂಗಿನಿಂದ ನೀರು, ಬಾಯಿಯಿಂದ ನೊರೆ. ಹೆದರಿ ಹಿಂದೆ ಸರಿದು ಮೂಲೆಯಲ್ಲಿ ನಡುಗುತ್ತ ಕೂತಿತು. ತಾಟನ್ನು ಮತ್ತೆ ಅದರ ಕಡೆ ತಳ್ಳಿದರೆ ಮೋರೆ ತಿರುವಿಕೊಂಡಿತು.

"ಮುಗೀತು ಬಿಡ್ರಿ," ಅಂದ ದತ್ತಪ್ಪ. "ಇನ್ನ ನೋಡೂದು ಏನದ?"

ಅಂಬಮ್ಮ ಮರಿಯನ್ನು ನೋಡುತ್ತಿರಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ಸೊಸೆ ಶಿವಕಾಂತಮ್ಮನ ಬಲಗೈ ಹೆಬ್ಬೆರಳನ್ನು ನೋಡುತ್ತಿದ್ದಳು. ಅದೇ ಮುಂಜಾನೆ ಹಾಲು ಕುಡಿಸಲು ಹೋದಾಗ ಮರಿಯ ಹಲ್ಲು ಅಲ್ಲಿ ತಾಗಿತ್ತು. ಸೂಜಿ ಚುಚ್ಚಿದಷ್ಟೇ ಗಾಯ, ಒಂದೇ ಹನಿ ರಕ್ತ. ಆದರೆ ಸೊಸೆಗೆ ಏಳು ತಿಂಗಳು ತುಂಬಿತ್ತು, ಮಗ ದುಡಿಯಲು ಪರಊರಿಗೆ ಹೋಗಿದ್ದ.

ಹೋದ ತಿಂಗಳಷ್ಟೇ ಓಣಿಯ ಕೊನೆಯ ಮನೆಯ ಗಾಣಿಗರವನು ನಾಯಿ ಕಚ್ಚಿ ಸತ್ತಿದ್ದ. ಅವನನ್ನು ಹೊರಸಿನ ಮಂಚಕ್ಕೆ ಹಗ್ಗದಿಂದ ಬಿಗಿದು ಕಟ್ಟಿದ್ದರು. ಹೆಂಡತಿ ಬಾಯಿಗೆ ನೀರು ಹಿಡಿದಾಗ ಅವನು ಕೂಗಿದ ಕೂಗು ಓಣಿಗೆಲ್ಲ ಕೇಳಿತ್ತು. ಆಗಿನ ಕಾಲಕ್ಕೆ ಇದರ ಸೂಜಿಮದ್ದು ಊರಲ್ಲಿ ಇರಲಿಲ್ಲ, ಮದ್ರಾಸಿನ ಕಡೆ ಎಲ್ಲೋ ಇದೆಯಂತೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಮದ್ರಾಸು ಯಾವ ದಿಕ್ಕಿಗೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಮರಿಯನ್ನು ತಂದವಳು ಶಿವಕಾಂತಮ್ಮನೇ. ಬಸುರಿಯ ಉಡಿ ತುಂಬುವ ಕುಬುಸದ ಶಾಸ್ತ್ರಕ್ಕೆಂದು ತವರೂರು ಕಮಲಾಪುರಕ್ಕೆ ಹೋಗಿದ್ದಳು. ಅವಳ ತಂದೆಯ ಬಾಳೆತೋಟದ ಕಾಲುವೆಗೆ ಯಾರೋ ಚೀಲದಲ್ಲಿ ಕಟ್ಟಿ ಮರಿಗಳನ್ನು ಎಸೆದಿದ್ದರು. ನಾಲ್ಕು ಸತ್ತಿದ್ದವು, ಇದೊಂದು ಉಸಿರಾಡುತ್ತಿತ್ತು. ಮೂರು ದಿನದ ಹಿಂದೆ ಗಾಡಿಯಿಂದ ಇಳಿದಾಗ ಅವಳ ಉಡಿಯಲ್ಲಿ ಕುಬುಸದ ಅಕ್ಕಿ, ಕೊಬ್ಬರಿ ಬಟ್ಟಲ ಜೊತೆಗೆ ಇದೂ ಇತ್ತು.

"ಮಂದಿ ಉಡ್ಯಾಗ ಹಣ್ಣು ಕಾಯಿ ತರ್ತಾರ, ನೀ ನಾಯಿ ತಂದೀಯಲ್ಲ ತಂಗಿ," ಎಂದು ಅಂಬಮ್ಮ ಅಂದು ನಕ್ಕಿದ್ದಳು.

ದತ್ತಪ್ಪ ಬಡಿಗೆ ಎತ್ತಿದ. ಅಂಬಮ್ಮ ನಡುವೆ ಬಂದು ನಿಂತಳು.

"ಬಾಜೂಕ ಸರಿ ಅಕ್ಕಾ, ಪೆಟ್ಟು ನಿನ್ನ ಕಾಲಿಗಿ ಬಿದ್ದೀತು," ಅಂದ.

"ಇದನ್ನ ಈಗ ಕೊಂದ್ರ ನನ್ನ ಸೊಸಿಗಿ ಏನಾಗ್ತದ ಅಂತ ಯಾರು ಹೇಳ್ತಾರ? ನೀ ಹೇಳ್ತೀಯೇನು? ಕಚ್ಚಿದ ನಾಯಿ ಕಟ್ಟಿಹಾಕಿ ಹತ್ತು ದಿನ ನೋಡಬೇಕು. ಹತ್ತು ದಿನ ಬದುಕಿದ್ರ ಕಚ್ಚಿಸಿಕೊಂಡವ್ರಿಗಿ ಏನೂ ಆಗಂಗಿಲ್ಲ. ಹಿರೇರು ಹೇಳಿದ್ದು ಸುಳ್ಳೇನು?"

ಗುಂಪಿನಲ್ಲಿದ್ದ ಇಬ್ಬರು ಮುದುಕರು ಹೌದೆಂದು ತಲೆಯಾಡಿಸಿದರು. ಅಂಬಮ್ಮನ ಗಂಡ ದೌಲಪ್ಪ ಹೆಂಡತಿಯ ಹತ್ತಿರ ಬಂದ.

"ಹತ್ತು ದಿನ ಕಾಯ್ಕೋತ ಕುಂತ್ರ ವಿಷ ಏರ್ತದ. ಇವತ್ತೇ ಬರೆ ಹಾಕಿಸಿ ಬಿಡೂಣು."

ಬರೆ ಹಾಕುವವನು ಊರ ಹೊರಗಿದ್ದ. ಕುಡುಗೋಲನ್ನು ಕೆಂಪಗೆ ಕಾಸಿ ಕಚ್ಚಿದ ಜಾಗದ ಮೇಲೊಮ್ಮೆ, ಹೊಕ್ಕಳ ಸುತ್ತ ನಾಲ್ಕು ಸಲ ಎಳೆಯುತ್ತಿದ್ದ. ಗಾಣಿಗರವನಿಗೂ ಎಳೆದಿದ್ದ. ಶಿವಕಾಂತಮ್ಮ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಹೊಸ್ತಿಲ ಮೇಲೆ ಕುಸಿದು ಕೂತಳು.

"ಹೊಟ್ಯಾಗ ಕೂಸು ಅದರಿ," ಅಂದಳು ಅಂಬಮ್ಮ, ಗಂಡನಿಗೆ ಮಾತ್ರ ಕೇಳುವಂತೆ. "ಹತ್ತು ದಿನ ಕೊಡ್ರಿ. ಮರಿ ಅಷ್ಟರೊಳಗ ಸತ್ರ, ಆವತ್ತೇ ನಾನೇ ಬರೆ ಹಾಕಿಸಾಕ ಕರ್ಕೊಂಡು ಹೋಗ್ತೀನಿ."

ಒಪ್ಪಂದವಾಯಿತು. ಜನ ಚದುರಿದರು. ಆಗ ಅಂಬಮ್ಮನಿಗೆ ತಾನು ಏನು ಒಪ್ಪಿಕೊಂಡೆ ಎಂಬುದು ಅರ್ಥವಾಯಿತು. ಹಾಲನ್ನೂ ನೀರನ್ನೂ ಒಳಗೆ ಇಳಿಸಲಾರದ ಈ ಜೀವ ಹತ್ತು ದಿನ ಬದುಕಬೇಕು. ಹುಚ್ಚಿನಿಂದ ಸತ್ತರೂ ಹಸಿವಿನಿಂದ ಸತ್ತರೂ ಸೊಸೆಯ ಹೊಟ್ಟೆಗೆ ಬರುವುದು ಅದೇ ಕುಡುಗೋಲು.

ಮಧ್ಯಾಹ್ನ ಕೈಗೆ ಗೋಣಿತಟ್ಟು ಸುತ್ತಿಕೊಂಡು ಮರಿಯ ಹತ್ತಿರ ಕೂತಳು. ಅರಳೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಹಿಡಿದಳು. ಮರಿ ಆಸೆಯಿಂದ ಚೀಪಿತು. ಮೂಗಿನ ಎರಡೂ ಹೊಳ್ಳೆಗಳಿಂದ ಹಾಲು ಗುಳ್ಳೆ ಗುಳ್ಳೆಯಾಗಿ ಹೊರಬಂತು.

ಅಂಬಮ್ಮನ ಕೈ ಅಲ್ಲೇ ನಿಂತಿತು. ಮೂಗಿನಿಂದ ಹಾಲು ಬರುವುದನ್ನು ಅವಳು ಹಿಂದೊಮ್ಮೆ ನೋಡಿದ್ದಳು. ಇಪ್ಪತ್ತೆರಡು ವರ್ಷದ ಹಿಂದೆ, ಇದೇ ಮನೆಯಲ್ಲಿ, ತನ್ನ ತೊಡೆಯ ಮೇಲೆ.

ಮರಿಯನ್ನು ಬಿಸಿಲಿಗೆ ಎತ್ತಿ, ಉಸಿರು ಬಿಗಿಹಿಡಿದು, ಗೋಣಿ ಸುತ್ತಿದ ಬೆರಳಿನಿಂದ ದವಡೆ ಅಗಲಿಸಿದಳು. ಅಂಗುಳದ ನಡುವೆ ಉದ್ದಕ್ಕೆ ಸೀಳು. ಒಳಗಿನ ಕತ್ತಲೆ ಕಾಣುತ್ತಿತ್ತು.

ಯಾರನ್ನಾದರೂ ಕೂಗಿ ತೋರಿಸಬಹುದಿತ್ತು. ನೋಡ್ರಿ, ಇದಕ್ಕ ಹುಚ್ಚಿಲ್ಲ, ಬಾಯಿ ಒಡೆದದ ಎನ್ನಬಹುದಿತ್ತು. ಆದರೆ ಓಣಿಯ ಬಾಯಿ ಅವಳಿಗೆ ಗೊತ್ತಿತ್ತು. ಬಸುರಿ ಇಂಥದನ್ನು ಉಡಿಯಲ್ಲಿ ಹೊತ್ತು ತಂದಿದ್ದಾಳೆ, ಇನ್ನು ಹುಟ್ಟುವ ಕೂಸೂ ಇಂಥದೇ ಎನ್ನುತ್ತಾರೆ. ಅತ್ತೆಗೆ ಮೊದಲನೆಯದು ಇಂಥದೇ ಹುಟ್ಟಿ ಹನ್ನೊಂದು ದಿನಕ್ಕೆ ಹೋಗಿತ್ತು ಎಂದು ಯಾರಾದರೂ ಮುದುಕಿ ನೆನಪು ಮಾಡುತ್ತಾಳೆ. ಆ ಮಾತು ಸೊಸೆಯ ಕಿವಿಗೆ ಬಿದ್ದರೆ? ಅಂಬಮ್ಮ ಮರಿಯ ಬಾಯಿ ಮುಚ್ಚಿದಳು. ತನ್ನದನ್ನೂ ಮುಚ್ಚಿಕೊಂಡಳು.

ಹೊತ್ತು ಇಳಿಯುವ ಮುಂಚೆ ಸೆರಗು ಹೊದ್ದು ಗಾಜಿಪುರದ ಓಣಿಗೆ ನಡೆದಳು. ಅಲ್ಲಿ ಸೂಲಗಿತ್ತಿ ಮೆಹರುನ್ನಿಸಾ ಇದ್ದಳು. ಅಂಬಮ್ಮನ ಎರಡೂ ಹೆರಿಗೆ ಮಾಡಿಸಿದ ಕೈ ಅವಳದು. ಈಗ ಕಣ್ಣು ಮಂಜಾಗಿತ್ತು, ಧ್ವನಿ ಗುರುತಿಸಿದಳು.

"ಕೌನ್, ಅಂಬಮ್ಮ ಏನು? ಬಾ ಕುಂದ್ರು. ಸೊಸಿ ಹೊಟ್ಟಿ ನೋವಾಗ್ಯದೇನು?"

"ಇಲ್ಲ ಬೀ. ಅಂಗುಳ ಸೀಳಿದ ಕೂಸಿಗಿ ಉಣ್ಣಿಸೂದು ಹ್ಯಾಂಗ?"

ಮುದುಕಿ ಧ್ವನಿಯ ಕಡೆಗೆ ಮೋರೆ ತಿರುಗಿಸಿದಳು. "ಇಷ್ಟ್ ವರ್ಷ ಬಿಟ್ಟು ಕೇಳಾಕತ್ತೀಯಲ್ಲ ಬೇಟಾ."

ಅಂಬಮ್ಮ ಎಲ್ಲ ಹೇಳಿದಳು. ನಾಯಿ ಎಂದು ಕೇಳಿ ಮುದುಕಿ ನಗಲಿಲ್ಲ.

"ತಲಿ ಮ್ಯಾಲ ಮಾಡಿ ಹಿಡಿ, ಮಲಗಿಸಬ್ಯಾಡ. ತೆಳ್ಳಂದು ಮೂಗಿಗಿ ಏರ್ತದ, ದಪ್ಪಂದು ಏರಂಗಿಲ್ಲ. ಕೂಸಿಗಾದ್ರ ಗಲ್ಲದ ಬದೀಲಿ ಹನಿ ಹನಿ ಬಿಡಬೇಕು. ನಾಯೀಗಿ ಹಲ್ಲು ಬಂದಾವ, ಸಣ್ಣ ಉಂಡಿ ಮಾಡಿ ನಾಲಿಗಿ ಹಿಂದ ಇಡು."

"ಆವಾಗ ಯಾಕ ಹೇಳಲಿಲ್ಲ ಬೀ?"

"ಹೇಳಾಕ ಬಂದಿದ್ದೆ. ನಿಮ್ಮತ್ತಿ ಬಾಗಿಲಾ ಹಾಕಿದ್ಳು."

ಅಂಬಮ್ಮ ಎದ್ದಾಗ ಮುದುಕಿ ಅವಳ ಕೈ ಹಿಡಿದು ನಿಲ್ಲಿಸಿದಳು. "ಒಂದು ಮಾತು. ಬಾಯಿ ಸೀಳಿದ ನಾಯಿಗಿ ಹುಚ್ಚು ಹತ್ತಬಾರದು ಅಂತೇನಿಲ್ಲ. ಹುಷಾರ್."

ಆ ಮಾತು ದಾರಿಯುದ್ದಕ್ಕೂ ಬೆನ್ನು ಹತ್ತಿ ಬಂತು.

ದಪ್ಪನೆಯದು ಅಂದರೆ ಮನೆಯಲ್ಲಿ ಇದ್ದದ್ದು ಕಮಲಾಪುರದ ಕೆಂಪು ಬಾಳೆಹಣ್ಣು, ಬೀಗರು ಗಾಡಿಯಲ್ಲಿ ಹಾಕಿ ಕಳಿಸಿದ್ದ ಗೊನೆ. ಹಣ್ಣು ಕಿವುಚಿ, ಹಾಲಿನ ಕೆನೆ ಬೆರೆಸಿ, ಕಡಲೆಕಾಳಿನಷ್ಟು ಉಂಡೆ ಮಾಡಿದಳು. ಗೋಣಿ ಸುತ್ತಿದ ಬೆರಳಿಗೆ ಅಷ್ಟು ಸಣ್ಣ ಉಂಡೆ ನಿಲ್ಲಲಿಲ್ಲ. ಗೋಣಿ ಬಿಚ್ಚಿದಳು. ಬರಿಯ ಬೆರಳನ್ನು ಆ ಹಲ್ಲುಗಳ ನಡುವೆ ಇಡುವಾಗ ಗಾಣಿಗರವನ ಕೂಗು ಕಿವಿಯಲ್ಲಿ ಮೊಳಗಿತು. ಉಂಡೆ ಇಟ್ಟು ಕೈ ಎಳೆದುಕೊಂಡಳು. ಮರಿ ನುಂಗಿತು. ಮೂಗಿನಿಂದ ಏನೂ ಬರಲಿಲ್ಲ.

ದಿನಕ್ಕೆ ಎಂಟು ಸಲ, ಒಂದು ಸಲಕ್ಕೆ ಹತ್ತು ಉಂಡೆ. ದೌಲಪ್ಪ ದಿನಾ ಮುಂಜಾನೆ ಗೋಡೆಯ ಮೇಲೆ ಇದ್ದಲಿನಿಂದ ಒಂದು ಗೀಟು ಎಳೆಯುತ್ತಿದ್ದ. ಶಿವಕಾಂತಮ್ಮನನ್ನು ಮರಿಯ ಹತ್ತಿರ ಬಿಡುತ್ತಿರಲಿಲ್ಲ. ಅವಳು ನೀರು ಕುಡಿಯುವಾಗ ಮಾತ್ರ ಮನೆಯಲ್ಲಿ ಎಲ್ಲರ ಮಾತು ನಿಲ್ಲುತ್ತಿತ್ತು. ಗಂಟಲಿಗೆ ನೀರು ಇಳಿಯುವ ಸದ್ದು ಕೇಳಿದ ಮೇಲೆಯೇ ಅತ್ತೆ ಮಾವ ಉಸಿರು ಬಿಡುತ್ತಿದ್ದರು. ಅದು ಗೊತ್ತಾಗಿ ಅವಳೂ ಲೋಟ ಎತ್ತಲು ಹೆದರತೊಡಗಿದಳು.

ನಾಲ್ಕನೆಯ ದಿನ ಅಂಬಮ್ಮನ ತೋರುಬೆರಳಿಗೆ ಹಲ್ಲು ನಾಟಿತು. ರಕ್ತವನ್ನು ಸೀರೆಗೆ ಒರೆಸಿ, ಅರಿಶಿಣ ಮೆತ್ತಿ, ಯಾರಿಗೂ ಹೇಳಲಿಲ್ಲ. ಅಂದಿನಿಂದ ಅವಳೂ ಒಂಟಿಯಾಗಿ ಹಿತ್ತಲಿಗೆ ಹೋಗಿ ತಂಬಿಗೆಯ ನೀರನ್ನು ನೋಡುತ್ತ ನಿಲ್ಲತೊಡಗಿದಳು. ನನಗೆ ಹೆದರಿಕೆ ಬರುತ್ತದೆಯೇ? ಬರುತ್ತಿತ್ತು. ಆದರೆ ಅದು ನೀರಿನದೋ ಬೇರೆಯದೋ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿ ಗಟಗಟ ಕುಡಿದು ಒಳಗೆ ಬರುತ್ತಿದ್ದಳು.

"ಅಕ್ಕಾ, ಇನ್ನೂ ಅದನೋ, ಹೋತೋ?" ದತ್ತಪ್ಪ ದಿನಾ ಗೋಡೆಯ ಆಚೆಯಿಂದ ಕೇಳುತ್ತಿದ್ದ.

"ಅದ. ನಿನಗಿಂತ ಛಲೋ ಉಣ್ಣಾಕತ್ತದ."

ಏಳನೆಯ ದಿನ ಹಣ್ಣು ಮುಗಿಯಿತು. ಜೋಳದ ಅಂಬಲಿಯನ್ನು ಗಟ್ಟಿ ಮಾಡಿ ಕೊಟ್ಟಳು. ಅದು ಗಂಟಲಿಗೆ ಅಂಟಿತು. ಮರಿ ಕೆಮ್ಮಿ ಕೆಮ್ಮಿ ಮಗ್ಗುಲಾಗಿ ಮಲಗಿತು. ಎಂಟನೆಯ ದಿನ ಏಳಲಿಲ್ಲ. ಎದೆಯಲ್ಲಿ ಗೊರಗೊರ ಸದ್ದು. ದೌಲಪ್ಪ ಅದನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ ಹೊರಗೆ ಹೋಗಿ, ಬರೆ ಹಾಕುವವನಲ್ಲಿಗೆ ಹೋಗಲು ಗಾಡಿಯವನಿಗೆ ಹೇಳಿಬಂದ. ಅಂಬಮ್ಮ ಮರಿಯನ್ನು ಎದೆಗೆ ಆನಿಸಿ, ತಲೆ ಮೇಲಾಗಿ ಹಿಡಿದು, ಇಡೀ ಹಗಲು ಬೆನ್ನು ತಟ್ಟಿದಳು. ಕಚ್ಚೀತೆಂಬ ಅಂಜಿಕೆ ಅಂದು ಹೋಗಿತ್ತು, ಕಚ್ಚುವಷ್ಟು ಶಕ್ತಿ ಅದಕ್ಕೆ ಬಂದರೆ ಸಾಕಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಬೀಗ ಖಂಡೆಪ್ಪ ಬಂದ, ಮಗಳನ್ನು ಹೆರಿಗೆಗೆ ಕರೆದೊಯ್ಯಲು. ಗಾಡಿಯಲ್ಲಿ ಎರಡು ಗೊನೆ ಕೆಂಪು ಬಾಳೆ. ಎಂದೂ ಬೀಗರ ಮುಂದೆ ಓಡದ ಅಂಬಮ್ಮ ಓಡಿ ಹೋಗಿ, ಕಾಲಿಗೆ ನೀರು ಕೊಡುವುದನ್ನೂ ಮರೆತು, ಗೊನೆಯಿಂದ ಹಣ್ಣು ಕಿತ್ತಳು.

"ನಮ್ಮ ಬೀಗತಿ ಭಾಳ ಹಸದಾಳ," ಎಂದು ಖಂಡೆಪ್ಪ ದೌಲಪ್ಪನ ಕಡೆ ತಿರುಗಿ ನಕ್ಕ. ದೌಲಪ್ಪ ನಗಲಿಲ್ಲ.

ಹತ್ತನೆಯ ಗೀಟು ಬಿದ್ದ ಮುಂಜಾನೆ ದತ್ತಪ್ಪ ಬಡಿಗೆಯ ಸಮೇತ ಬಂದ. ಮರಿ ನಾಲ್ಕು ಕಾಲಿನ ಮೇಲೆ ನಿಂತಿತ್ತು. ತೂರಾಡುತ್ತ ಬಂದು ಅವನ ಧೋತರದ ಅಂಚು ಕಚ್ಚಿ ಎಳೆಯಿತು. ದತ್ತಪ್ಪ ಗೋಡೆಯ ತನಕ ಹಾರಿದ.

"ಇನ್ನ ಹತ್ತು ದಿನ ನೀ ಎಣಿಸು," ಅಂದಳು ಅಂಬಮ್ಮ. ಹೇಳಿ ಕಟ್ಟೆಯ ಮೇಲೆ ಕೂತಳು. ಹಲ್ಲು ನಾಟಿದ ತನ್ನ ಬೆರಳಿನ ಲೆಕ್ಕ ಅವಳಿಗಿನ್ನೂ ಮುಗಿದಿರಲಿಲ್ಲ. ನಾಲ್ಕು ದಿನ ಬಾಕಿ ಇತ್ತು.

ಆ ನಾಲ್ಕು ದಿನವನ್ನು ಅವಳು ಕಮಲಾಪುರದಲ್ಲೇ ಕಳೆದಳು. ಸೊಸೆಯನ್ನು ಬಿಟ್ಟುಬರುತ್ತೇನೆಂದು ಗಾಡಿ ಹತ್ತಿದ್ದಳು. ಮರಿ ಜೊತೆಗಿತ್ತು. ಹೊರಡುವ ದಿನ ಅತ್ತೆ ಸೊಸೆ ತೋಟದ ಕಾಲುವೆಯ ಕಟ್ಟೆಯ ಮೇಲೆ ಕೂತಿದ್ದರು. ಮರಿ ಹರಿಯುವ ನೀರಿನತನಕ ಹೋಗಿ, ನಿಂತು, ಹಿಂದಕ್ಕೆ ಬಂತು. ಅಂಬಮ್ಮ ಹಣ್ಣು ಕಿವುಚಿ ಉಂಡೆ ಕಟ್ಟುತ್ತಿದ್ದಳು.

"ಅತ್ತೀ, ಇದರ ಅಂಗುಳ ಸೀಳ್ಯದ," ಅಂದಳು ಶಿವಕಾಂತಮ್ಮ.

ಅಂಬಮ್ಮನ ಕೈಯಿಂದ ಉಂಡೆ ಜಾರಿತು. "ಯಾರು ಹೇಳಿದ್ರು ನಿನಗ?"

"ಇಲ್ಲೇ ನೋಡಿದ್ದೆ, ನೀರಿನ್ಯಾಗಿಂದ ತೆಗೆದಾಗ. ಆ ನಾಕು ಛಲೋ ಇದ್ವು, ಆದ್ರೂ ಸತ್ತಿದ್ವು. ಇದಕ್ಕ ಹಿಂಗದ, ಆದ್ರೂ ಜೀವಾ ಹಿಡದಿತ್ತು." ಮರಿಯ ಬೆನ್ನು ಸವರಿದಳು. "ನಿಮಗ ಹೇಳಬಾರದು ಅಂತ ಸುಮ್ಮನಿದ್ದೆ. ನಿಮ್ಮ ಮೊದಲ ಕೂಸಿಂದು ನಿಮ್ಮ ಮಗ ಹೇಳ್ಯಾರ ನನಗ."

ಅಂಬಮ್ಮ ಬಿದ್ದ ಉಂಡೆಯನ್ನು ಎತ್ತಿ, ಮಣ್ಣು ಊದಿ, ಎಸೆದು, ಹೊಸದು ಕಟ್ಟಿದಳು. ಮರಿಯ ತಲೆಯನ್ನು ಮೇಲಾಗಿ ಹಿಡಿದು ನಾಲಿಗೆಯ ಹಿಂದೆ ಇಟ್ಟಳು. ಅದು ನುಂಗುವ ತನಕ ಕಾದಳು.

"ನೋಡು ತಂಗಿ. ನಿನಗ ನೋವು ಸುರುವಾದ ಕೂಡ್ಲೆ ಗಾಡಿ ಕಳಿಸಬೇಕು, ಹಗಲಿರಲಿ ರಾತ್ರಿ ಇರಲಿ. ಕೂಸು ಹುಟ್ಟಿದ್ಮ್ಯಾಲ ಬೆರಳಿಟ್ಟು ಅಂಗುಳ ನೋಡಬೇಕು. ನೆಟ್ಟಗಿದ್ರ ದೇವರು ದೊಡ್ಡಾಂವ. ಇಲ್ಲಾ ಅಂದ್ರ..." ಅವಳು ಮರಿಯ ಮೂತಿ ಒರೆಸಿದಳು. "ಇಲ್ಲಾ ಅಂದ್ರ ಯಾರೂ ಅಳಬ್ಯಾಡ್ರಿ, ಯಾರೂ ಬಾಗಿಲಾ ಹಾಕಬ್ಯಾಡ್ರಿ. ನಾ ಬರೂತನಕ ಕೂಸಿನ ತಲಿ ಮ್ಯಾಲ ಮಾಡಿ ಹಿಡೀರಿ, ಗಲ್ಲದ ಬದೀಲಿ ಹನಿ ಹನಿ ಹಾಲು ಬಿಡ್ರಿ. ಮುಂದಿಂದು ನನಗ ಗೊತ್ತದ."

ಗಾಡಿಯವನು ಎತ್ತು ಹೂಡಿ ಕರೆದ. ಅಂಬಮ್ಮ ಎದ್ದು, ಕಾಲುವೆಗೆ ಬಾಗಿ, ಬೊಗಸೆ ತುಂಬ ನೀರು ಕುಡಿದಳು. ಗಂಟಲಿಗೆ ನೀರು ಸಲೀಸಾಗಿ ಇಳಿಯಿತು. ಆಮೇಲೆ ಮರಿಯನ್ನು ತನ್ನ ಉಡಿಯಲ್ಲಿ ಹಾಕಿಕೊಂಡು ಗಾಡಿ ಹತ್ತಿದಳು.